ಬಾಗಿಲು ತೆಗೆದಿಡುವ ದಿನ

"ಬುದ್ಧೀ, ದೇವರು ಕೊಟ್ಟದ್ದನ್ನೆಲ್ಲ ದಿನಾ ಬೆಳಿಗ್ಗೆ ನೆನೆದು ಕೈ ಮುಗಿಯುತ್ತೇನೆ. ಆದರೂ ಮುಗಿದ ಕೈ ಬಿಡಿಸುವುದರೊಳಗೆ ಭಯ ಹುಟ್ಟುತ್ತದೆ. ಯಾಕೆ?"

ಗುರುಗಳನ್ನು ಹೀಗೆ ಕೇಳಿದವನು ನಿರ್ವಾಣಪ್ಪ, ಮಠದ ಉಗ್ರಾಣ ನೋಡಿಕೊಳ್ಳುವವನು. ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಸ್ವಂತ ಮನೆ, ಮಾತು ಕೇಳುವ ಇಬ್ಬರು ಮಕ್ಕಳು, ಐವತ್ತು ದಾಟಿದರೂ ಮೂಟೆ ಎತ್ತುವ ತೋಳು. ಗುರುಗಳು ಅವನ ಮುಖವನ್ನೊಮ್ಮೆ ನೋಡಿದರು. ಕೂತುಕೋ, ಒಬ್ಬ ವಸತಿಗೃಹದವನ ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ ಎಂದು ಶುರು ಮಾಡಿದರು.

ಒಬ್ಬನಿದ್ದ. ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದ. ಹೊಗೆ, ಗದ್ದಲ, ಗಿರಾಕಿಗಳ ಗೊಣಗಾಟ ಎಲ್ಲವನ್ನೂ ಇಪ್ಪತ್ತು ವರ್ಷ ಸಹಿಸಿದ. ಸಾಕಪ್ಪಾ ಸಾಕು ಅನ್ನಿಸಿದ ದಿನ ಹೋಟೆಲನ್ನು ಬೇರೆಯವರಿಗೆ ವಹಿಸಿ ಹೆಂಡತಿಯ ಜೊತೆ ಕಾಡಿಗೆ ಹೊರಟ. ಕಾಡು ನೋಡುವ ಆಸೆ ಪೇಟೆಯವರಿಗೆಲ್ಲ ಇರುತ್ತದೆ, ಅವರಿಗೆ ತಂಗಲು ಒಂದು ಮನೆ ಕಟ್ಟೋಣ, ಕಾಡಿಗೆ ನೋವಾಗದಂತೆ ಕಟ್ಟೋಣ ಎಂಬುದು ಅವನ ಎಣಿಕೆ. ಈಗಿನವರು ಇಂಥದ್ದಕ್ಕೆ ಉದ್ದುದ್ದ ಹೆಸರು ಇಡುತ್ತಾರೆ. ನಮಗೆ ವಸತಿಗೃಹ ಎಂದರೆ ಸಾಕು.

ದಟ್ಟ ಕಾಡಿನ ನಡುವೆ ಒಂದು ಹಾಡಿ ಇತ್ತು. ಹಾಡಿ ಎಂದರೆ ಕಾಡಿನ ಜನರ ಹತ್ತೆಂಟು ಗುಡಿಸಲು. ಅಲ್ಲಿಯ ಹಿರಿಯಳು ಒಬ್ಬ ಅಜ್ಜಿ. ಅವಳು ಹ್ಞೂಂ ಎನ್ನದೆ ಅಲ್ಲಿ ಯಾರೂ ಒಂದು ಗೂಟವನ್ನೂ ನೆಡುತ್ತಿರಲಿಲ್ಲ. ಇವನು ಹೋಗಿ ಕೇಳಿದ. ಅಜ್ಜಿ ಮೂರು ದಿನ ಇವನಿಂದ ಸೌದೆ ಹೊರಿಸಿ, ನೀರು ತರಿಸಿ, ಮನುಷ್ಯ ಎಂಥವನೆಂದು ನೋಡಿದಳು. ನಾಲ್ಕನೆಯ ದಿನ ಎರಡು ಗುಡ್ಡಗಳ ನಡುವಿನ ಒಂದು ಸಮತಟ್ಟು ಜಾಗ ತೋರಿಸಿದಳು. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಆಳದಲ್ಲಿ ಹರಿಯುವ ತೊರೆ, ಮೇಲೆ ನೆರಳು. ಇದಕ್ಕಿಂತ ಒಳ್ಳೆಯ ಜಾಗ ಆ ಕಾಡಿನಲ್ಲಿರಲಿಲ್ಲ. ಇವನು ಅಜ್ಜಿಯ ಕಾಲಿಗೆ ಬಿದ್ದ.

"ನನ್ನ ಕಾಲಿಗೆ ಯಾಕೆ ಬೀಳ್ತೀಯ ಮಗಾ, ಜಾಗ ನಂದಲ್ಲ," ಎಂದಳು ಅಜ್ಜಿ. "ಇದು ದೊಡ್ಡವರ ದಾರಿ. ಅವರು ಬರೋತನಕ ಇರು."

ಆ ಹಾಡಿಯಲ್ಲಿ ಆನೆಯನ್ನು ದೊಡ್ಡವರು ಎನ್ನುತ್ತಿದ್ದರು. ಅಜ್ಜಿಯ ಅಜ್ಜಿಯ ಕಾಲದಲ್ಲಿ, ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಮರುದಿನ, ಆನೆಗಳು ಹೊಳೆಯ ಬಯಲಿನಿಂದ ಗುಡ್ಡ ಹತ್ತಲು ಇದೇ ದಾರಿ ಹಿಡಿಯುತ್ತಿದ್ದವಂತೆ. ಒಂದು ವರ್ಷ ಮೇಲಿನ ಬಿದಿರೆಲ್ಲ ಹೂ ಬಿಟ್ಟು ಒಣಗಿತು. ಅಂದಿನಿಂದ ಅವು ಬೇರೆ ದಾರಿ ನೋಡಿಕೊಂಡವು. ಈಗ ಬಿದಿರು ಮತ್ತೆ ಮೇಲೆದ್ದಿದೆ, ಆನೆ ದಾರಿ ಮರೆಯುವುದಿಲ್ಲ, ಎಂದಾದರೂ ಬಂದಾವು ಎಂದಳು. ಬಂಡೆಗೂ ತೊರೆಗೂ ನಡುವೆ ಅವಕ್ಕೆ ಬೇರೆ ದಾರಿಯಿಲ್ಲ, ಅದಕ್ಕೇ ಕಟ್ಟುವ ಮನೆಗೆ ಒಂದು ಕಟ್ಟಳೆ ಹಾಕಿದಳು. ಮನೆಯ ನಡುವೆ ಗಾಡಿ ಹೋಗುವಷ್ಟು ಅಗಲದ, ಆನೆಯ ಬೆನ್ನಿಗೆ ಮಾಡು ತಾಗದಷ್ಟು ಎತ್ತರದ ಹಜಾರ ಬಿಡಬೇಕು. ಅದರ ಎರಡು ತುದಿಗೂ ಬಾಗಿಲು ಇರಬೇಕು. ಮನೆಯೆಲ್ಲ ಹಗ್ಗದ ಕಟ್ಟಿನಲ್ಲೇ ನಿಲ್ಲಬೇಕು, ಮೈಗೆ ಚುಚ್ಚುವ ಮೊಳೆ ಒಂದೂ ಬೇಡ. ವರ್ಷಕ್ಕೊಮ್ಮೆ, ಮೊದಲ ಮಳೆಯ ಮರುದಿನ, ಎರಡೂ ಬಾಗಿಲು ತೆಗೆದಿಟ್ಟು, ಹಜಾರ ಬರಿದು ಮಾಡಿ, ಎದುರಿನ ದಿಬ್ಬದ ಮೇಲೆ ಹೋಗಿ ಸಂಜೆಯವರೆಗೆ ಕೂರಬೇಕು.

ಹುಚ್ಚು ಕಟ್ಟಳೆ ಎಂದು ನಿನ್ನ ಮುಖದಲ್ಲೇ ಬರೆದಿದೆ, ನಿರ್ವಾಣಪ್ಪ. ಅವನಿಗೂ ಹಾಗೇ ಅನ್ನಿಸಿತು. ಆದರೆ ಜಾಗ ಬೇಕಿತ್ತು, ಒಪ್ಪಿಕೊಂಡ.

ಒಪ್ಪಿದಂತೆಯೇ ಕಟ್ಟಿದ, ಅದರಲ್ಲಿ ಅವನನ್ನು ಬಯ್ಯುವ ಹಾಗಿಲ್ಲ. ನಿಂತ ಮರಕ್ಕೆ ಕೊಡಲಿ ಹಾಕಲಿಲ್ಲ, ಬಿದ್ದ ಮರವನ್ನೇ ತಂದ. ಮಣ್ಣಿನ ಗೋಡೆ, ಬಿದಿರಿನ ಬಾಗಿಲು, ಹುಲ್ಲಿನ ಮಾಡು. ಹಜಾರದ ಎರಡು ಮಗ್ಗುಲಿಗೂ ಮೂರು ಮೂರು ಕೋಣೆ. ಮಿಂದ ನೀರು ಬಾಳೆಯ ಬುಡಕ್ಕೆ, ಉಂಡ ಎಲೆ ಗೊಬ್ಬರದ ಗುಂಡಿಗೆ. ದೀಪ ಬಿಸಿಲಿನಿಂದ ಉರಿಯುವುದು, ಅದೂ ಊಟ ಮುಗಿಯುವವರೆಗೆ ಮಾತ್ರ. ಬಂದವರು ತಂದ ಪ್ಲಾಸ್ಟಿಕ್ಕನ್ನು ಬಂದವರೇ ಹೊತ್ತು ವಾಪಸು ಒಯ್ಯಬೇಕು.

ಎಂಟು ಮೈಲಿ ನಡೆದು ಅಲ್ಲಿಗೆ ಯಾರು ಹೋದಾರು ಎಂದು ಪೇಟೆಯ ನೆಂಟರು ನಕ್ಕರು. ಜನ ಹೋದರು. ಹೋದವರು ಮತ್ತೆ ಹೋದರು. ಕೋಣೆಗಾಗಿ ಅಲ್ಲ, ಊಟಕ್ಕಾಗಿಯೂ ಅಲ್ಲ. ಊಟ ಚೆನ್ನಾಗಿಯೇ ಇತ್ತು, ಇಲ್ಲವೆನ್ನುವುದಿಲ್ಲ. ಅವರು ಹೋದದ್ದು ಹಜಾರದ ಗಾಳಿಗೆ. ಆ ಬಾಗಿಲಿನಿಂದ ಈ ಬಾಗಿಲಿಗೆ ಬೇಸಿಗೆಯ ನಡುಮಧ್ಯಾಹ್ನವೂ ತಣ್ಣಗೆ ಬೀಸುತ್ತಿತ್ತು. ಫ್ಯಾನಿಲ್ಲದೆ ಕಣ್ಣು ಮುಚ್ಚದ ಪೇಟೆಯವರು ಅಲ್ಲಿ ಬರಿ ಚಾಪೆಯ ಮೇಲೆ ಗೊರಕೆ ಹೊಡೆದರು. ಗಂಡಹೆಂಡತಿಗೆ ಊಟ, ನೆಮ್ಮದಿ, ಒಳ್ಳೆಯ ಹೆಸರು ಎಲ್ಲವೂ ಆ ಗಾಳಿಯಿಂದಲೇ ಬಂತು.

ಮೊದಲ ವರ್ಷ ಮಳೆಯ ಮರುದಿನ ಇಬ್ಬರೂ ಬಾಗಿಲು ತೆಗೆದಿಟ್ಟು ದಿಬ್ಬದ ಮೇಲೆ ಕೂತರು. ಅಜ್ಜಿಯೂ ಬಂದು ಕೂತಳು. ಸಂಜೆಯಾಯಿತು. ಯಾರೂ ಬರಲಿಲ್ಲ. ಅವನು ಓಡಿಹೋಗಿ ಒಲೆ ಹಚ್ಚಿ, ಸಾಮೆ ಅಕ್ಕಿಗೆ ಜೇನು ಹಾಕಿ ಪಾಯಸ ಮಾಡಿದ. ದೊಡ್ಡ ಉಪಕಾರ ಮಾಡಿದೆ ತಾಯಿ ಎಂದು ಕಾಡಿಗೆ ಕೈ ಮುಗಿದ. ಅಜ್ಜಿಗೂ ಬಡಿಸಿದ. ಅವಳು ಉಂಡು ಹೋದಳು. ಎರಡನೆಯ ವರ್ಷವೂ ಹಾಗೇ ಆಯಿತು. ಹನ್ನೆರಡು ವರ್ಷ ಹಾಗೇ ಆಯಿತು. ಆ ಪಾಯಸ ಹೆಸರುವಾಸಿಯಾಗಿ, ಅದಕ್ಕೆಂದೇ ಮೋಡ ನೋಡಿಕೊಂಡು ಬಂದು ಕಾಯುವ ಅತಿಥಿಗಳಿದ್ದರು. ಕಾಡಿಗೆ ಇಷ್ಟು ಕೃತಜ್ಞನಾದ ಮನುಷ್ಯನನ್ನು ಕಂಡಿಲ್ಲ ಎಂದು ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅವನೊಳಗಿನದು ಹೆಂಡತಿಗೆ ಮಾತ್ರ ಗೊತ್ತಿತ್ತು. ಮೊದಲ ವರ್ಷ ದಿಬ್ಬದ ಮೇಲೆ ಕಾಲು ಚಾಚಿ ಕೂತಿದ್ದವನು ಐದನೆಯ ವರ್ಷ ಚಡಪಡಿಸಿದ. ಹತ್ತನೆಯ ವರ್ಷ ಬೆಳಗಿನಿಂದ ಒಂದು ತೊಟ್ಟು ನೀರು ಕುಡಿಯಲಿಲ್ಲ. ಮನೆ ಚೆಂದವಾದಷ್ಟೂ ಅವನಿಗೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗಾಯಿತು. ಹಜಾರಕ್ಕೆ ತೂಗುಮಂಚ ಬಂತು. ಇಪ್ಪತ್ತು ಜನ ಕೂತು ಉಣ್ಣುವ ಮೇಜು ಬಂತು. ಬಿದ್ದ ಹೊನ್ನೆಯ ಮರ ತಂದು ಎರಡು ವರ್ಷ ಅವನೇ ಕೆತ್ತಿದ ಮೇಜು ಅದು. ಹೊರಗೆ ಸಾಗಿಸುವುದು ಯಾರಿಂದಾದೀತು? ಹಜಾರ ಬರಿದು ಮಾಡುವ ಮಾತು ಅಲ್ಲಿಗೆ ನಿಂತಿತು.

ಹದಿಮೂರನೆಯ ಬೇಸಿಗೆಯಲ್ಲಿ ಅಜ್ಜಿ ಹೇಳಿ ಕಳಿಸಿದಳು. ತೊರೆಯ ಕೆಳಗಿನ ದಂಡೆಯಲ್ಲಿ ಲದ್ದಿ ಕಂಡಿದೆ, ದೊಡ್ಡವರಿಗೆ ದಾರಿ ನೆನಪಾಗಿದೆ, ಈ ಸಲ ಅತಿಥಿಗಳನ್ನು ಕರೆಯಬೇಡ.

ಅವನು ಅತಿಥಿಗಳಿಗೆ ಬರಬೇಡಿ ಎಂದು ತಿಳಿಸಿದ. ಆಮೇಲೆ ಪೇಟೆಗೆ ಹೋಗಿ ಒಂದು ಪೊಟ್ಟಣ ಉದ್ದ ಮೊಳೆ ತಂದ. ಒಂದೂ ಮೊಳೆಯಿಲ್ಲದ ಮನೆ ಎಂದು ಬಂದವರಿಗೆಲ್ಲ ಗೋಡೆ ಮುಟ್ಟಿಸಿ ತೋರಿಸುತ್ತಿದ್ದವನು, ನೋಡು! ಒಂದು ಸಂಜೆ ಮೊದಲ ಮಳೆ ಬಿತ್ತು. ಮರುದಿನ ಬೆಳಕು ಹರಿಯುತ್ತಲೇ ಅವನು ಎರಡೂ ಬಾಗಿಲು ಎಳೆದು, ಒಳಗಿನಿಂದ ಅಡ್ಡ ದಿಮ್ಮಿ ಕೊಟ್ಟ. ಹಲಗೆಗೆ ಮೊಳೆ ಹೊಡೆದು, ಮೊನೆ ಬಿದಿರಿನ ಸಂದಿಯಿಂದ ಹೊರಗೆ ಕಾಣುವಂತೆ ಬಾಗಿಲಿಗೆ ಕಟ್ಟಲು ಸುತ್ತಿಗೆ ಹಿಡಿದು ಕೂತ. ದಾರಿ ಮುಚ್ಚಿದ್ದು ಕಂಡರೆ ಆನೆಗಳು ಹಿಂದಿರುಗುತ್ತವೆ, ಇಷ್ಟು ಕಾಲ ಹೋದ ದಾರಿಯಲ್ಲೇ ಹೋಗಲಿ, ಅವಕ್ಕೇನು ಕಾಡಿನಲ್ಲಿ ಜಾಗಕ್ಕೆ ಬರವೇ ಎಂಬುದು ಅವನ ವಾದ.

ಹೆಂಡತಿ ಹೊರಗೇ ಉಳಿದಿದ್ದಳು. ಬಾಗಿಲಿನ ಸಂದಿಗೆ ಬಾಯಿಟ್ಟು ಹೇಳಿದಳು.

"ಇಷ್ಟು ವರ್ಷ ನಾವು ಉಂಡಿದ್ದು ಅವರ ದಾರಿಯ ಗಾಳೀನ. ಈಗ ಅವರಿಗೇ ಮೊಳೆ ತೋರಿಸ್ತೀರಾ?"

ಅವನು ಸುತ್ತಿಗೆ ಎತ್ತಿದ. ಎತ್ತಿದ ಕೈಗೆ ಬೆವರು ಇಳಿಯಿತು. ಮನೆ ಕಟ್ಟಿದ ಮೇಲೆ ಆ ಎರಡು ಬಾಗಿಲು ಒಟ್ಟಿಗೆ ಮುಚ್ಚಿದ್ದು ಅದೇ ಮೊದಲು. ಗಾಳಿ ನಿಂತುಹೋಗಿತ್ತು. ಒಲೆಯ ಹಳೆಯ ಹೊಗೆ, ಹುಲ್ಲಿನ ಮುಗ್ಗು, ತನ್ನದೇ ಬೆವರಿನ ನಾತ ಒಟ್ಟಾಗಿ ಮೂಗಿಗೆ ಬಡಿಯಿತು. ಅವನಿಗೆ ಪೇಟೆಯ ಹೋಟೆಲಿನ ಅಡುಗೆಮನೆ ನೆನಪಾಯಿತು. ಬಿಟ್ಟು ಓಡಿಬಂದದ್ದನ್ನೇ ಇಲ್ಲಿ ನನ್ನ ಕೈಯಾರೆ ಮತ್ತೆ ಮಾಡಿಕೊಂಡೆನಲ್ಲ ಅನ್ನಿಸಿತು. ಉಸಿರು ಕಟ್ಟಿದಂತಾಗಿ ಸುತ್ತಿಗೆ ಕೆಳಗಿಟ್ಟ.

ದಿಮ್ಮಿ ಎಳೆದು ಎರಡೂ ಬಾಗಿಲು ತೆಗೆದ. ಗಂಡಹೆಂಡತಿ ಸೇರಿ ಮೇಜನ್ನು ಆದಷ್ಟು ಗೋಡೆಯ ಕಡೆಗೆ ತಳ್ಳಿ, ಮೊಳೆ ಒಂದೊಂದನ್ನೂ ಹೆಕ್ಕಿ ಪೊಟ್ಟಣ ಕಟ್ಟಿ, ದಿಬ್ಬ ಹತ್ತಿದರು. ಅಜ್ಜಿ ಆಗಲೇ ಬಂದು ಕೂತಿದ್ದಳು.

ಬಿಸಿಲು ಏರುವ ಹೊತ್ತಿಗೆ ಅವು ಬಂದವು. ಮುಂದೆ ಒಂದು ಮುದಿ ಹೆಣ್ಣಾನೆ. ಅದು ಬಾಗಿಲ ಮುಂದೆ ನಿಂತು, ಸೊಂಡಿಲು ಚಾಚಿ ಚೌಕಟ್ಟನ್ನು ಮೂಸಿತು. ದಿಬ್ಬದ ಮೇಲೆ ಅವನು ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ಆನೆ ಒಳಗೆ ಕಾಲಿಟ್ಟಿತು. ಅದರ ಹಿಂದೆ ಒಂದೊಂದಾಗಿ ಹನ್ನೊಂದು ನಡೆದವು. ಮೇಜು ಮುರಿದ ಸದ್ದು ದಿಬ್ಬದವರೆಗೆ ಕೇಳಿತು. ಬಲಗಡೆಯ ಒಂದು ಗೋಡೆ ಒಳಕ್ಕೆ ಕುಸಿಯಿತು. ಒಂದು ಮರಿ ತೂಗುಮಂಚಕ್ಕೆ ಸಿಕ್ಕಿಕೊಂಡು ಕಿರುಚಿತು. ತಾಯಿ ಒಮ್ಮೆ ಎಳೆಯಿತು, ಹಗ್ಗದ ಕಟ್ಟು ಜಾರಿ ಬಿಚ್ಚಿಕೊಂಡಿತು. ಮೊಳೆ ಹೊಡೆದು ನಿಲ್ಲಿಸಿದ್ದರೆ ಆ ತಾಯಿ ಮರಿಗಾಗಿ ಮನೆಯನ್ನೇ ಬುಡಸಹಿತ ಕೀಳುತ್ತಿತ್ತು. ಎಲ್ಲವೂ ಆ ಕಡೆಯ ಬಾಗಿಲಿನಿಂದ ಹೊರಬಿದ್ದು, ಗುಡ್ಡ ಹತ್ತಿ, ಬಿದಿರಿನೊಳಗೆ ಮರೆಯಾದವು. ಮನೆ ನಿಂತಿತ್ತು.

ಅವನು ಅಳುತ್ತಿದ್ದ, ದುಃಖಕ್ಕಲ್ಲ. ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದದ್ದು ಇಳಿದುಹೋಗಿತ್ತು. ತಾನು ಯಾರ ಅಂಗಳದಲ್ಲಿ ಬದುಕಿದ್ದೆನೆಂದು ಅವತ್ತು ಕಣ್ಣಾರೆ ಕಂಡ. ಇಂಥವರು ತಮ್ಮ ದಾರಿಯಲ್ಲಿ ತನ್ನನ್ನು ಹದಿಮೂರು ವರ್ಷ ಇರಗೊಟ್ಟರಲ್ಲ, ಉಣ್ಣಗೊಟ್ಟರಲ್ಲ ಎಂದು ಅವನಿಗೆ ಹೃದಯ ತುಂಬಿ ಬಂತು. ಬಿದಿರಿನ ಕಡೆಗೆ ಕೈ ಮುಗಿದ.

ಅಜ್ಜಿ ಆಮೇಲೆ ಕೇಳಿದಳು.

"ಇವತ್ತು ಪಾಯಸ ಇಲ್ವಾ ಮಗಾ?"

ಅವನು ತಲೆ ತಗ್ಗಿಸಿದ. ಯಾರೂ ಬಾರದ ದಿನವೆಲ್ಲ ಪಾಯಸ ಮಾಡಿದವನು, ಬಂದ ದಿನ ಒಲೆಯನ್ನೇ ಹಚ್ಚಿರಲಿಲ್ಲ. ಎದ್ದು ಹೋದ. ಮುರಿದ ಮೇಜಿನ ಕಾಲನ್ನೇ ಸೌದೆ ಮಾಡಿ ಪಾಯಸ ಬೇಯಿಸಿದ. ಹೆಂಡತಿ ಲದ್ದಿಯನ್ನು ಕೆಮ್ಮಣ್ಣಿಗೆ ಕಲಸಿ ಕುಸಿದ ಗೋಡೆ ಎಬ್ಬಿಸಲು ಶುರು ಮಾಡಿದಳು. ಅಜ್ಜಿ ಅಂದು ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡಳು. ಮೊಳೆಯ ಪೊಟ್ಟಣ ತಂದ ಅಂಗಡಿಗೇ ವಾಪಸು ಹೋಯಿತು, ಹಜಾರಕ್ಕೆ ಮತ್ತೆ ಮೇಜು ಬರಲಿಲ್ಲ. ಮುಂದಿನ ವರ್ಷಗಳಲ್ಲಿ ಆನೆಗಳು ಒಮ್ಮೊಮ್ಮೆ ಬಂದವು, ಒಮ್ಮೊಮ್ಮೆ ಬರಲಿಲ್ಲ. ಪಾಯಸ ಎರಡಕ್ಕೂ ಬೆಂದಿತು. ಅವನು ದಿಬ್ಬದ ಮೇಲೆ ಕಾಲು ಚಾಚಿ ಕೂತು, ನೀರು ಕುಡಿಯುತ್ತ, ಅಜ್ಜಿಯ ಜೊತೆ ಹರಟೆ ಹೊಡೆಯುತ್ತಿದ್ದ.

ಕತೆ ಮುಗಿಯಿತು. ನಿರ್ವಾಣಪ್ಪನಿಗೆ ಬಹಳ ಸಂತೋಷವಾಗಿತ್ತು. ಒಳ್ಳೆಯ ಕತೆ ಹೇಳಿದಿರಿ ಬುದ್ಧೀ ಎಂದು ಎದ್ದು ನಿಂತು ಕೈ ಮುಗಿದ. ಗುರುಗಳು ಆ ಕೈಗಳನ್ನೇ ನೋಡಿದರು.

"ನೀನು ಬೆಳಿಗ್ಗೆ ಕೈ ಮುಗಿಯುವುದು ದೇವರು ಕೊಟ್ಟದ್ದಕ್ಕೋ, ಇನ್ನೂ ವಾಪಸು ಕೇಳದಿದ್ದದ್ದಕ್ಕೋ?"

ನಿರ್ವಾಣಪ್ಪ ಮುಗಿದ ಕೈ ಬಿಡಿಸಿ ಮತ್ತೆ ಕೂತುಕೊಂಡ.