ಕೋಳಿಮರಿಯ ಹೊಟ್ಟೆಯಲ್ಲಿ ಟವೆಲ್ ಹಾಕಿದವರು

ಹೊಂಬಾಳಮ್ಮನವರ ಬ್ರಾಯ್ಲರ್ ಶೆಡ್ಡಿನಲ್ಲಿ ಆ್ಯಂಟಿಬಯೋಟಿಕ್ ಪುಡಿ ಎಂಬ ಮಹಾಶಯನಿದ್ದ. ಕೋಳಿಗೆ ಕಾಯಿಲೆ ಇರಲಿ ಬಿಡಲಿ, ಬೇಗ ದಪ್ಪಗಾಗಲಿ ಅಂತ ದಿನಾ ಮೇವಿನ ಜೊತೆ ಹೊಟ್ಟೆಗಿಳಿದು, ಸಿಕ್ಕಿದ ಸೂಕ್ಷ್ಮಜೀವಿಗಳನ್ನೆಲ್ಲ ಚಚ್ಚುವುದು ಅವನ ಉದ್ಯೋಗ. ಪೆಟ್ಟು ತಿಂದೂ ತಿಂದೂ ಭೇದಿರಾಯನೆಂಬ ರೋಗಾಣುವಿನ ಮೈ ಮರಗಟ್ಟಿತ್ತು ನೋಡಿ, ಹೋದ ಸಲದ ಮರಿಗಳಲ್ಲಿ ಅರ್ಧವನ್ನು ಅವನು ಪುಡಿಯ ಕಣ್ಣೆದುರಿಗೇ ಕೊಂದ.

ಈ ಸಲ ಹೊಸ ಮರಿಗಳು ಬಂದಿಳಿದ ಕೂಡಲೇ ಹೊಂಬಾಳಮ್ಮ, "ಕಾಯಿಲೆ ಬಂದರೆ ಕರೀತೀನಿ, ಅಲ್ಲಿವರೆಗೂ ಮಲಗಿರಪ್ಪ" ಎಂದು ಪುಡಿಯ ಡಬ್ಬಿ ಮುಚ್ಚಿದರು. ಮೊಸರಿನ ನೆಂಟರಾದ ಒಳ್ಳೆಯ ಸೂಕ್ಷ್ಮಜೀವಿಗಳನ್ನು ನೀರಲ್ಲಿ ಕಲಸಿ ಮರಿಗಳಿಗೆ ಕುಡಿಸಿದರು.

ಡಬ್ಬಿಯೊಳಗಿಂದ ಪುಡಿ ನಕ್ಕ. "ಏನ್ರಯ್ಯಾ, ಕೈಯಲ್ಲೊಂದು ದೊಣ್ಣೆಯೂ ಇಲ್ಲ. ಮರಿಯನ್ನು ಹೇಗೆ ಕಾಯುತ್ತೀರಿ?"

"ಹೊಡೆದಾಟ ನಮಗೆ ಬರೋಲ್ಲ ಸ್ವಾಮಿ, ಸುಮ್ಮನೆ ಕೂತಿರ್ತೀವಿ" ಎಂದರು ಅವರು.

ಎಂದವರೇ ಮರಿಯ ಕರುಳಿಗೆ ನುಗ್ಗಿದರು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆಯುತ್ತೇವಲ್ಲ, ಹಾಗೆ ಕಂಡ ಕಂಡ ಸೀಟಿಗೆಲ್ಲ ಟವೆಲ್ ಹಾಕಿ ಸಂಸಾರ ಸಮೇತ ಕೂತೇಬಿಟ್ಟರು!

ಅಷ್ಟರಲ್ಲಿ ಭೇದಿರಾಯ ಮೀಸೆ ತಿರುವುತ್ತ ಒಳಗೆ ಬಂದ. "ಸ್ವಲ್ಪ ಜರುಗ್ರಿ!"

"ಟವೆಲ್ ಹಾಕಿದೀವಣ್ಣ."

"ಅದು?"

"ಅದು ನಮ್ಮತ್ತೆಗೆ."

"ಆ ಮೂಲೆ?"

"ಅತ್ತೆಯ ನಾದಿನಿ ಬರ್ತಿದಾಳೆ."

ಕೂರಲು ಜಾಗವಿಲ್ಲ, ತಿನ್ನಲು ತುತ್ತೂ ಉಳಿದಿಲ್ಲ. ಭೇದಿರಾಯ ಗೊಣಗುತ್ತ, ಕರುಳಿನ ಉದ್ದಕ್ಕೂ ನಿಂತುಕೊಂಡೇ ಪ್ರಯಾಣ ಮಾಡಿ, ಹಿಂಬಾಗಿಲಿನಿಂದ ಇಳಿದುಹೋದ.

ಮರಿ ಪುಕ್ಕ ಒದರಿಕೊಂಡು ಮೇವಿನ ಕಡೆಗೆ ಓಡಿತು.