ಇಳಿಸುಗಲ್ಲಿನ ಮುರುಮೀನು

ಅಳಿವೆ ದಾಟಿ ಪಡುವಣಕ್ಕೆ ಹೋದರೆ ಕಡಲ ನಡುವೆ ಕರಿಯ ಬಂಡೆಯೊಂದು ನಿಂತಿದೆ. ಇಳಿಸುಗಲ್ಲು ಅದರ ಹೆಸರು. ಬುಡದಲ್ಲಿ ನೀರು ಎಷ್ಟು ಆಳವೆಂದು ಕಂಡವರಿಲ್ಲ. ಅಲ್ಲಿಗೆ ಬಂದೊಡನೆ ದೋಣಿಯವರು ಮಾತು ನಿಲ್ಲಿಸಿ, ಬಗ್ಗಿ, ಒಂದು ಕಲ್ಲನ್ನು ಮೆಲ್ಲಗೆ ನೀರಿಗೆ ಬಿಡುತ್ತಾರೆ. ಪೇಟೆಯವರು ಹರಕೆಯೆಂದು ಕೈಮುಗಿಯುತ್ತಾರೆ. ಹರಕೆಯಂತೆ ಹರಕೆ!

ಹಿಂದೆ ಒಮ್ಮೆ, ಹಾಯಿದೋಣಿಗಳ ಕಾಲದಲ್ಲಿ, ಈ ಬಂಡೆಯಡಿಯ ಗವಿಯಲ್ಲಿ ಆಳುದ್ದದ ಮುರುಮೀನೊಂದಿತ್ತು ಎನ್ನುತ್ತಾರೆ. ಅದು ಕೆಳಗೆ ಬೇಟೆಗೆ ಹೊರಟರೆ ಬಂಗುಡೆಯ ಹಿಂಡು ಬೆದರಿ ಮೇಲೇಳುತ್ತಿತ್ತು, ಮೊಗವೀರರ ಬಲೆ ತುಂಬುತ್ತಿತ್ತು. "ನಮ್ಗೆ ಉಣ್ಸುದು ಅದೇ. ಅದನ್ನ್ ಮಾತ್ರ ಮುಟ್ಬೇಡ ಮಗಾ" ಎಂದು ಬಚ್ಚನೆಂಬ ಮೊಗವೀರನಿಂದ ಅವನ ಅಪ್ಪ ಸಾಯುವ ಮುನ್ನ ಮಾತು ಪಡೆದಿದ್ದ. ಬಚ್ಚ ಬಹುಕಾಲ ಆ ಮಾತಿಗೆ ನಿಂತ. ಆದರೆ ಒಂದು ಮದುವೆಯೂಟದಲ್ಲಿ ಹೆಂಡತಿಯ ತಮ್ಮ, "ಬಂಗ್ಡಿ ಹಿಡುಕಷ್ಟೇ ಸೈ ನಮ್ಮ್ ಭಾವ" ಎಂದು ನಾಲ್ಕು ಜನರೆದುರು ನಗೆಯಾಡಿಬಿಟ್ಟ. ಬಚ್ಚ ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದ. ಮರುದಿನ ಒಬ್ಬನೇ ಹೋಗಿ ಬಂಡೆಯ ಬುಡಕ್ಕೆ ಗಾಳ ಇಳಿಸಿದ.

ಅಂಗೈ ಸುಲಿಯುವಂತೆ ಹಗ್ಗ ಎಳೆದೆಳೆದು ಮೀನನ್ನು ಮೇಲೆ ತಂದ. ಅಯ್ಯೋ, ಅದರ ಕಣ್ಣು ಹೊರಚಾಚಿತ್ತು, ಒಳಗಿನ ಗಾಳಿ ಉಬ್ಬಿ ಜಠರವೇ ಬಾಯಿಗೆ ಬಂದಿತ್ತು. ನೋಡಿದ್ದೇ ತಡ, ಬಚ್ಚನ ಜಂಬವೆಲ್ಲ ಜರ್ರನೆ ಇಳಿಯಿತು. ಗಾಳ ಬಿಡಿಸಿ, "ಹೋಗ್ ಮಾರಾಯ್ತಿ, ತಪ್ಪಾಯ್ತ್" ಎಂದು ನೀರಿಗೆ ಬಿಟ್ಟ. ಬಿಟ್ಟರೆ ಮುಗಿಯಿತು ಎಂದುಕೊಂಡಿದ್ದ, ಪಾಪ. ಮೀನು ಹೊಟ್ಟೆ ಮೇಲಾಗಿ ತೇಲಿತು. ದೋಣಿಯ ಹುಟ್ಟಿನಿಂದ ಒತ್ತಿದ, ಮತ್ತೆ ಮೇಲೆ ಬಂತು. ತಾನೇ ಧುಮುಕಿ ತಬ್ಬಿ ಮುಳುಗಿಸಿದ, ಮತ್ತೆ ಬಂತು. ಕಿವಿರು ಇನ್ನೂ ಆಡುತ್ತಿತ್ತು. ಮೇಲೆ ಹದ್ದುಗಳು ಸುತ್ತತೊಡಗಿದವು.

ದಿಕ್ಕುಗಾಣದೆ ಮನೆಗೆ ಬಂದು ಹೆಂಡತಿ ಶೇಷಿಯ ಮುಂದೆ ಅತ್ತ. ಅರೆಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ಎತ್ತುಕೆ ಹಗ್ಗ ಬೇಕಾಯ್ತಲ್ದಾ, ಇಳ್ಸುಕೆ ಬ್ಯಾಡ್ದಾ? ಕಲ್ ಕಟ್ಟಿ ಇಳ್ಸ್ರೆ ಉಬ್ಬಿದ್ ಗಾಳಿ ಕುಗ್ಗ್‌ತಿತ್ತಲೆ ಮಾರಾಯ್ರೆ!" ಎಂದವಳೇ ರುಬ್ಬುವ ಕಲ್ಲಿನ ಗುಂಡನ್ನು ಎತ್ತಿ ಅವನ ಕೈಗಿಟ್ಟಳು.

ಬಚ್ಚ ಉಸಿರು ಕಟ್ಟಿ ಬಂಡೆಯತ್ತ ಹುಟ್ಟು ಹಾಕಿದ. ಅಷ್ಟರಲ್ಲಿ ಹದ್ದುಗಳು ಆ ಕಣ್ಣುಗಳನ್ನು ತಿಂದಿದ್ದವು, ಕಿವಿರು ನಿಂತಿತ್ತು. ಆದರೂ ಗುಂಡು ಕಟ್ಟಿ, ಮಾರು ಮಾರಾಗಿ ಹಗ್ಗ ಬಿಡುತ್ತಾ ಅದನ್ನು ಅದರ ಮನೆಗೆ ಇಳಿಸಿದ. ಆಮೇಲೆ ಬಂಗುಡೆಯ ಹಿಂಡು ಅಲ್ಲಿ ಮೇಲೇಳಲಿಲ್ಲ. ಬದುಕಿರುವಷ್ಟು ಕಾಲ ಬಚ್ಚ ಆ ದಾರಿಯಲ್ಲಿ ಹೋದಾಗೆಲ್ಲ ಒಂದು ಕಲ್ಲು ಇಳಿಸುತ್ತಿದ್ದನಂತೆ.

ದಂಡೆಯಲ್ಲಿ ಅವನ ಮನೆಯ ಅಡಿಪಾಯ ಈಗಲೂ ಇದೆ, ಶೇಷಿಯ ರುಬ್ಬುವ ಕಲ್ಲೂ ಇದೆ. ಹೊಸ ಗುಂಡು ತರಲು ಅವಳು ಕಡೆಯವರೆಗೂ ಒಪ್ಪದೆ, ನೆರೆಮನೆಯಲ್ಲಿ ಅರೆದು ತಂದು ಗಂಡನಿಗೆ ಬಡಿಸಿದಳಂತೆ. ಕಲ್ಲಿನ ಕುಳಿಯಲ್ಲಿ ಈಗ ಮಳೆನೀರು ನಿಲ್ಲುತ್ತದೆ. ಗುಂಡೆಲ್ಲಿ ಎಂದು ನೋಡಬಂದವರು ಕೇಳಿದರೆ, ಊರವರು ಕಡಲ ಕಡೆ ಕೈ ತೋರಿಸುತ್ತಾರೆ.