ಮಸುಕು ತೋರಿಸುವ ಪ್ರೋಬು

“ಮೇಡಂ, ರೋಗಿಯ ಮೈಯಲ್ಲಿ ನೀರು ಹೆಚ್ಚಿದೆಯೋ ಕಡಿಮೆಯಿದೆಯೋ ಎಂದು ಸ್ಕ್ಯಾನ್ ಮಾಡಿ ನೋಡಲು ಯಾವ ಪ್ರೋಬು ಹಿಡಿಯಬೇಕು?” ಎಂದು ನಾಗವೇಣಿ ಕೇಳಿದಳು. ಡಾಕ್ಟರಾಗಿ ತುರ್ತು ವಾರ್ಡಿಗೆ ಬಂದು ಅವಳಿಗಿನ್ನೂ ತಿಂಗಳು ತುಂಬಿರಲಿಲ್ಲ. ಮೈಮೇಲಿಟ್ಟು ಒಳಗನ್ನು ನೋಡುವ ಸ್ಕ್ಯಾನ್ ಯಂತ್ರದ ಹಿಡಿಗಳಲ್ಲಿ ಹೊಸ ಚಪ್ಪಟೆ ಪ್ರೋಬು ಬಿಟ್ಟು ಬೇರೆಯದನ್ನು ಮುಟ್ಟಿದ್ದಕ್ಕೆ ಬೆಳಿಗ್ಗೆ ಹಿರಿಯರಿಂದ ಬೈಸಿಕೊಂಡಿದ್ದಳು. ಮುಖದ ಬಿಸಿ ಇನ್ನೂ ಆರಿರಲಿಲ್ಲ.

ಏಳೂರಿನ ಆಸ್ಪತ್ರೆಗಳ ನೀರು ಕುಡಿದಿದ್ದ ಡಾಕ್ಟರ್ ಮೆಹರುನ್ನಿಸಾ ಅವಳಿಗೊಂದು ಕತೆ ಹೇಳಿದರು.

ಒಂದು ಆಸ್ಪತ್ರೆ. ಅಲ್ಲೊಬ್ಬ ದೊಡ್ಡ ಡಾಕ್ಟರು. ಅವರಿಗೆ ಚಪ್ಪಟೆ ಪ್ರೋಬಿನ ಮೇಲೆ ಬಲು ಪ್ರೀತಿ. ಚರ್ಮದ ಕೆಳಗೇ ಇರುವುದನ್ನು ಅದು ಕನ್ನಡಿಯಂತೆ ತೋರಿಸುತ್ತಿತ್ತು. ಬಾಗು ಮೂತಿಯ ಹಳೆಯ ಪ್ರೋಬು ಆಳಕ್ಕೆ ಇಳಿದು ನೋಡುತ್ತಿತ್ತು, ಆದರೆ ಚಿತ್ರ ಮಸುಕು. ಹಾಗಾಗಿ ಅದು ಮೂಲೆ ಸೇರಿತ್ತು.

ವಾಂತಿಭೇದಿಯಾಗಿ ಬಂದ ಹೆಂಗಸೊಬ್ಬಳಿಗೆ ಎರಡು ದಿನ ಡ್ರಿಪ್ ಹಾಕಿದ್ದರು. ಮೂರನೆಯ ದಿನ ಬಿ.ಪಿ. ಇಳಿಯಿತು. ಚಿತ್ರ ಚೆನ್ನಾಗಿ ಬರಲೆಂದು ದೊಡ್ಡ ಡಾಕ್ಟರು ಅವಳ ಕತ್ತಿನ ಮೇಲೆ ಚಪ್ಪಟೆ ಪ್ರೋಬನ್ನು ಒತ್ತಿ ಹಿಡಿದರು. ಒತ್ತಿದರೆ ತುಂಬಿದ ರಕ್ತನಾಳವೂ ಬತ್ತಿದಂತೆ ಕಾಣುತ್ತದೆ.

“ಒಣಗಿಹೋಗಿದ್ದಾಳೆ. ಇನ್ನೆರಡು ಬಾಟಲಿ ಏರಿಸಿ” ಎಂದರು.

ಆ ಹೆಂಗಸಿಗೆ ಮಲಗಲು ಆಗುತ್ತಿರಲಿಲ್ಲ. ಕೂತಲ್ಲೇ ಏದುತ್ತಿದ್ದಳು. ಕಿರಿಯ ಡಾಕ್ಟರೊಬ್ಬಳಿಗೆ ಇದು ಸರಿ ಕಾಣಲಿಲ್ಲ. ಮೂಲೆಯಿಂದ ಹಳೆಯ ಪ್ರೋಬು ತಂದಳು. ಎದೆಗೂಡಿನ ಕೆಳಗಿಟ್ಟಳು. ಹೊಟ್ಟೆಯ ದೊಡ್ಡ ರಕ್ತನಾಳ ತುಂಬಿ ಬಿಗಿದಿತ್ತು, ಉಸಿರೆಳೆದರೂ ಕುಗ್ಗುತ್ತಿರಲಿಲ್ಲ. ಪಕ್ಕೆಲುಬುಗಳ ನಡುವೆ ಇಟ್ಟಳು. ಎರಡೂ ಕಡೆ ಪರದೆಯ ಮೇಲೆ ಬಿಳಿ ಗೆರೆಗಳು ಇಳಿಬಿದ್ದಿದ್ದವು. ಶ್ವಾಸಕೋಶಕ್ಕೆ ನೀರು ಸೇರಿತ್ತು. ಕೈ ಚಾಚಿ ಡ್ರಿಪ್ ನಿಲ್ಲಿಸಿಬಿಟ್ಟಳು.

“ಯಾರನ್ನು ಕೇಳಿ ನಿಲ್ಲಿಸಿದೆಯಮ್ಮಾ?” ಎಂದರು ದೊಡ್ಡ ಡಾಕ್ಟರು.

“ಕೇಳಲಿಲ್ಲ ಸಾರ್. ನೋಡಿದೆ.”

“ಈ ಹೊಗೆಯೊಳಗೆ ಏನು ಕಂಡಿತು ನಿನಗೆ?”

“ಸೌದೆ ಒಲೆ ಮುಂದೆ ಬೆಳೆದವಳು ಸಾರ್ ನಾನು. ಹೊಗೆಯಲ್ಲೂ ಅನ್ನ ಬೆಂದದ್ದು ತಿಳಿಯುತ್ತೆ. ಬಾಟಲಿ ಏರಿಸಲೇಬೇಕು ಅಂದರೆ ನನ್ನನ್ನು ತಳ್ಳಿ ಏರಿಸಿ.”

ಹಾಗೆಂದವಳು ಡ್ರಿಪ್ ಸ್ಟ್ಯಾಂಡನ್ನು ಹಿಡಿದು ನಿಂತಳು. ದೊಡ್ಡ ಡಾಕ್ಟರು ಮೆಮೊ ಬರೆಯಲು ಹೋದರು.

ಮೆಹರುನ್ನಿಸಾ ಅಲ್ಲಿಗೆ ಕತೆ ನಿಲ್ಲಿಸಿದರು. ನಾಗವೇಣಿಗೆ ತಡೆಯಲಾಗಲಿಲ್ಲ.

“ಆಮೇಲೆ ಆ ಕಿರಿಯ ಡಾಕ್ಟರಿಗೆ ಏನಾಯಿತು ಮೇಡಂ? ಕೆಲಸದಿಂದ ತೆಗೆದರಾ?”

“ಆ ಹೆಂಗಸು ಬದುಕಿದಳಾ ಅಂತ ನೀನು ಕೇಳಲೇ ಇಲ್ಲವಲ್ಲ, ನಾಗವೇಣಿ.”